ಸಂಪಿಗೆ ರಸ್ತೆಯಲ್ಲಿ ಈಗಿಲ್ಲದ ಅಂಗಡಿಗಳು: ಕಸುಬಿನ ವಿವರ ಇಲ್ಲಿ ಬರೆಯಿರಿ

ಎಂಟನೇ ಕ್ರಾಸ್
ಮಲ್ಲೇಶ್ವರದ ಸಂಪಿಗೆ ರಸ್ತೆ ಬಗ್ಗೆ ಮಾತು ಶುರುವಾದರೆ ಎರಡನೇ ವಾಕ್ಯಕ್ಕೇ "ಮಾಲ್ ಬಂತು, ಎಲ್ಲ ಹೋಯ್ತು" ಅಂತ ಯಾರಾದರೂ ಮುಗಿಸಿಬಿಡುತ್ತಾರೆ. ರಾಜಾ ಮಿಲ್ ಇದ್ದ ಜಾಗದಲ್ಲಿ ಮಂತ್ರಿ ಸ್ಕ್ವೇರ್ ಮಾಲ್ ತೆರೆದದ್ದು 2010ರಲ್ಲಿ. ಪಕ್ಕದ ಮೆಟ್ರೊ ನಿಲ್ದಾಣ ಶುರುವಾದದ್ದು 2014ರ ಮಾರ್ಚ್ 1ಕ್ಕೆ. ಸೌದೆ ಡಿಪೋ, ಮೊಳೆ (ಲೋಹದ ಬಿಡಿ ಅಕ್ಷರ) ಅಚ್ಚಿನ ಪ್ರೆಸ್ಸು, ಕಲಾಯಿ ಅಂಗಡಿ, ಕ್ಯಾಸೆಟ್ ಅಂಗಡಿ ಇವೆಲ್ಲ ಅಷ್ಟೊತ್ತಿಗೆ ಗಂಟುಮೂಟೆ ಕಟ್ಟಿ ಆಗಿತ್ತು. ಹಾಗಾಗಿ ಒಂದೊಂದು ಕಸುಬನ್ನೂ ಬೇರೆಬೇರೆಯಾಗಿ ನೋಡೋಣ: ಅಂಗಡಿಗೆ ಮಾಲು (ಸರಕು) ಎಲ್ಲಿಂದ ಬರುತ್ತಿತ್ತು, ಒಳಗೆ ಏನು ಕೆಲಸ ನಡೆಯುತ್ತಿತ್ತು, ಎಲ್ಲಿ ಬಂದು ಸಿಕ್ಕಿಹಾಕಿಕೊಂಡಿತು. "ಆ ಕಾಲವೇ ಚೆಂದ" ಅನ್ನೋದಕ್ಕೆ ಬೇರೆ ಕಟ್ಟೆಗಳಿವೆ. ಇಲ್ಲಿ ಅಳತೆ, ಹೆಸರು, ಹಂತ ಬರೆಯಿರಿ. ಬಸವನಗುಡಿ, ಮೈಸೂರು, ಧಾರವಾಡದವರೂ ಸೇರಿಕೊಳ್ಳಬಹುದು, ಕಸುಬು ಒಂದೇ ತಾನೆ.

ಮೊಳೆಜೋಡಕ
ಪ್ರೆಸ್ಸಿನಿಂದಲೇ ಶುರುಮಾಡೋಣ, ಕನ್ನಡಕ್ಕೆ ಅಂಟಿಕೊಂಡ ಕಥೆ ಅದು.

ಮದುವೆ ಪತ್ರಿಕೆ, ಬಿಲ್ ಪುಸ್ತಕ, ಗಣೇಶೋತ್ಸವದ ರಸೀದಿ, ವಿಸಿಟಿಂಗ್ ಕಾರ್ಡು ಇಷ್ಟೇ ಬೀದಿ ಪ್ರೆಸ್ಸಿನ ಜೀವನ. ಮುಂದುಗಡೆ ಒಂದು ಮೇಜು, ಹಿಂದೆ ಕೇಸುಗಳ (ಮೊಳೆ ಇಡುವ ಮನೆಮನೆಯ ತಟ್ಟೆಗಳು) ಸ್ಟ್ಯಾಂಡು, ಮೂಲೆಯಲ್ಲಿ ಕಾಲಲ್ಲಿ ತುಳಿಯುವ ಟ್ರೆಡಲ್ ಮುದ್ರಣ ಯಂತ್ರ. ಇಂಗ್ಲಿಷಿಗೆ ಮೇಲಿನ ಕೇಸು, ಕೆಳಗಿನ ಕೇಸು ಅಂತ ಎರಡಿದ್ದರೆ ಕೆಲಸ ನಡೆಯುತ್ತದೆ. ಕನ್ನಡಕ್ಕೆ ಸಾಲದು. ಕ, ಕಾ, ಕಿ, ಕೀ ಒಂದೊಂದಕ್ಕೂ ಮೊಳೆ ಬೇಕು, ಒತ್ತುಗಳಿಗೆ ಬೇರೆ ಬೇಕು. ಕಂಪೋಸಿಟರ್ ನೋಡದೆಯೇ ಕೈ ಹಾಕಿ ಮನೆಮನೆಯಿಂದ ಮೊಳೆ ತೆಗೆದು ಎಡಗೈಯ ಸ್ಟಿಕ್ಕಿನಲ್ಲಿ (ಸಾಲು ಕಟ್ಟುವ ಪುಟ್ಟ ತಟ್ಟೆ) ತಲೆಕೆಳಗಾಗಿ, ಎಡದಿಂದ ಬಲಕ್ಕೆ ಜೋಡಿಸುತ್ತಿದ್ದ. ಸಾಲು ತುಂಬಿದ ಮೇಲೆ ಸ್ಪೇಸ್ ಹಾಕಿ ಬಿಗಿ ಮಾಡುವುದು, ಸಾಲುಗಳ ನಡುವೆ ಲೆಡ್ ಪಟ್ಟಿ, ಆಮೇಲೆ ಗ್ಯಾಲಿಗೆ (ಉದ್ದನೆಯ ತಟ್ಟೆ) ಇಳಿಸಿ ದಾರ ಸುತ್ತುವುದು. ಪ್ರೂಫ್ ತೆಗೆದು ತಿದ್ದಿ, ಕಬ್ಬಿಣದ ಚೇಸಿನೊಳಗೆ (ಚೌಕಟ್ಟು) ಮರದ ತುಂಡುಗಳನ್ನು ಕೊಟ್ಟು ಕ್ವಾಯಿನ್ (ಬೆಣೆ) ಬಿಗಿದರೆ ಒಂದು ಫಾರಂ ತಯಾರು. ಸರಿಯಾಗಿ ಬಿಗಿಯದಿದ್ದರೆ ಎತ್ತುವಾಗ ನಡುವಿನ ಮೊಳೆಗಳು ಉದುರಿ ನೆಲದ ಮೇಲೆ ಚಿತ್ರಾನ್ನ. ಅರ್ಧ ದಿನದ ಕೆಲಸ ಹೋಯಿತು.

ಮೊಳೆಯ ಎತ್ತರ 0.918 ಇಂಚು, ಎಲ್ಲವೂ ಒಂದೇ. ಸವೆದ ಮೊಳೆ ಕೂದಲೆಳೆ ತಗ್ಗಿದರೂ ಆ ಅಕ್ಷರ ಮಸುಕಾಗಿ ಬೀಳುತ್ತದೆ. ಅದಕ್ಕೆ ಕಾಗದವನ್ನು ಮೊಳೆಗೆ ಒತ್ತುವ ಪ್ಲಾಟನ್ನಿನ ಪ್ಯಾಕಿಂಗ್ (ಹಾಳೆಗಳ ಮೆತ್ತೆ) ಕೆಳಗೆ, ಆ ಅಕ್ಷರ ಬೀಳುವ ಜಾಗದಲ್ಲಿ ತೆಳು ಟಿಶ್ಯೂ ಚೂರು ಅಂಟಿಸುವುದು. ಒಳ್ಳೆ ಮೆಷೀನ್‌ಮನ್ ಇದಕ್ಕೇ ಒಂದು ತಾಸು ಕೂರುತ್ತಿದ್ದ. ಮೊದಲು ಕೈಕೊಡುತ್ತಿದ್ದದ್ದು ಒತ್ತುಗಳು. ಗೆರೆ ಸಣ್ಣ, ಬಳಕೆ ಜಾಸ್ತಿ.

ಇನ್ನೊಂದು ಫಜೀತಿ ಮದುವೆ ಸೀಸನ್ನಿನದು. ಹತ್ತು ಪತ್ರಿಕೆ ಒಟ್ಟಿಗೆ ಬಂದರೆ "ಚಿ||", "ಸೌ||", "ಶ್ರೀ" ಖಾಲಿ. ಒಂದು ಪತ್ರಿಕೆ ಮುದ್ರಿಸಿ ಮೊಳೆಗಳನ್ನು ಮತ್ತೆ ಕೇಸಿಗೆ ಹಂಚದ ಹೊರತು ಮುಂದಿನದು ಕಟ್ಟುವ ಹಾಗಿಲ್ಲ. ಅದಕ್ಕೇ ಜಾಣ ಮಾಲೀಕರು ಒಕ್ಕಣೆಯನ್ನು ಕಟ್ಟಿದ ಮ್ಯಾಟರಾಗಿ ಗ್ಯಾಲಿಯಲ್ಲೇ ಇಟ್ಟು ಹೆಸರು, ಮುಹೂರ್ತ, ಛತ್ರ ಇಷ್ಟನ್ನೇ ಬದಲಿಸುತ್ತಿದ್ದರು. ಎಷ್ಟೋ ಮನೆಗಳ ಹಳೇ ಪತ್ರಿಕೆಗಳ ಒಕ್ಕಣೆ ಅಕ್ಷರವೂ ಬದಲಾಗದೆ ಒಂದೇ ಇರುವುದರ ಗುಟ್ಟು ಇದು, ಸಂಪ್ರದಾಯ ಅರ್ಧ, ಗ್ಯಾಲಿ ಅರ್ಧ.

ಕಾಡುಮಲ್ಲಿಗೆ
@ಮೊಳೆಜೋಡಕ ಸರ್, ಕಂಪ್ಯೂಟರ್ ಬಂದ ತಕ್ಷಣ ಟ್ರೆಡಲ್ ನಿಂತುಹೋಯಿತಾ? ಕನ್ನಡ ಟೈಪ್ ಮಾಡುವ 'ಬರಹ' ತಂತ್ರಾಂಶ ಬಂದದ್ದು 1998, ಆದರೆ ಆಮೇಲೂ ಬಿಲ್ ಪುಸ್ತಕ ಮೊಳೆಯಲ್ಲೇ ಬರುತ್ತಿತ್ತಲ್ಲ.

ಮೊಳೆಜೋಡಕ
@ಕಾಡುಮಲ್ಲಿಗೆ ಸರಿಯಾಗಿ ಹಿಡಿದಿರಿ. ಎರಡು ಹಂತದಲ್ಲಿ ಹೋಯಿತು. ಮೊದಲು ಹೋದದ್ದು ಕಂಪೋಸಿಂಗ್. ಡಿಟಿಪಿ (ಕಂಪ್ಯೂಟರ್ ಅಕ್ಷರಜೋಡಣೆ) ಅಂಗಡಿಯಲ್ಲಿ ಅಕ್ಷರ ಟೈಪ್ ಮಾಡಿಸಿ, ಬಟರ್ ಪೇಪರ್ ಮೇಲೆ ಲೇಸರ್ ಪ್ರಿಂಟು ತೆಗೆದು, ಆಫ್‌ಸೆಟ್‌ನವನಿಗೆ ಕೊಟ್ಟರೆ ಪ್ಲೇಟ್ ಆಗುತ್ತದೆ. ಟ್ರೆಡಲ್ ಮೆಷೀನು ಮಾತ್ರ ಆಮೇಲೂ ಬಹಳ ಕಾಲ ಉಳಿಯಿತು. ಬಿಲ್ ಪುಸ್ತಕಕ್ಕೆ ನಂಬರ್ ಹಾಕುವುದು, ಹರಿಯಲು ಚುಕ್ಕೆ ಸಾಲು ಹೊಡೆಯುವುದು, ಡೈ ಕಟಿಂಗ್, ಮಡಿಕೆ ಗೆರೆ ಇವೆಲ್ಲ ಅದರ ಮೇಲೇ ಚೆನ್ನಾಗಿ ಆಗುತ್ತವೆ. ಮೊಳೆ ಮಾತ್ರ ವಾಪಸು ಬರಲಿಲ್ಲ. ಅದು ಸೀಸ, ಆಂಟಿಮನಿ, ತವರದ ಮಿಶ್ರಲೋಹ. ಹೊಸ ಮೊಳೆ ಹುಯ್ದು ಕೊಡುವ ಫೌಂಡ್ರಿಗಳು ಮುಚ್ಚಿದ ಮೇಲೆ ಸವೆದದ್ದಕ್ಕೆ ಬದಲಿ ಇಲ್ಲ. ಉಳಿದದ್ದು ತೂಕಕ್ಕೆ ಗುಜರಿಗೆ ಹೋಯಿತು. ಗಿರಾಕಿ ಇನ್ನೂ ಬರುತ್ತಿದ್ದಾಗಲೇ ಕೇಸು ಖಾಲಿಯಾಗಿತ್ತು ಅನ್ನಿ.

ಹದಿನೈದನೇ ಅಡ್ಡರಸ್ತೆ
ಸೌದೆ ಡಿಪೋ ಬಗ್ಗೆ. ಬೆಂಗಳೂರಿನ ಸುತ್ತ ಸರ್ವೆ ತೋಪುಗಳನ್ನು ಬೆಳೆಸುತ್ತಿದ್ದದ್ದು ಉರುವಲಿಗೇ. ಸರ್ವೆ ನೆಟ್ಟಗೆ ಬೆಳೆಯುತ್ತದೆ, ಸೀಳಲು ಸುಲಭ, ಕಾವು ಜೋರು. ಡಿಪೋದಲ್ಲಿ ಮುಕ್ಕಾಲಿಗೆ ತೂಗುಹಾಕಿದ ದೊಡ್ಡ ತಕ್ಕಡಿ. ಮೋಸ ನಡೆಯುತ್ತಿದ್ದದ್ದು ತಕ್ಕಡಿಗಿಂತ ಹೆಚ್ಚಾಗಿ ನೀರಿನಲ್ಲಿ: ಹಸಿ ಸೌದೆ ತೂಕಕ್ಕೆ ಬರುತ್ತದೆ, ಒಲೆಗೆ ಬರುವುದಿಲ್ಲ. ಕೊಳ್ಳುವವರು ತುಂಡಿನ ಕೊನೆಯಲ್ಲಿ ನಕ್ಷತ್ರದ ಹಾಗೆ ಬಿರುಕು ಬಿಟ್ಟಿದೆಯೇ ನೋಡುತ್ತಿದ್ದರು, ಎರಡು ತುಂಡು ಒಂದಕ್ಕೊಂದು ಬಡಿದು ಸದ್ದು ಕೇಳುತ್ತಿದ್ದರು. ಒಣಗಿದ್ದು ಟಣ್ ಅನ್ನುತ್ತದೆ, ಹಸಿಯದ್ದು ದಬ್ ಅನ್ನುತ್ತದೆ.

ಅದರ ಪಕ್ಕದ ವ್ಯಾಪಾರ ಮರದ ಹೊಟ್ಟು. ಸಾಮಿಲ್ಲಿನಿಂದ ಗೋಣಿಚೀಲದಲ್ಲಿ ಬರುತ್ತಿತ್ತು. ಹೊಟ್ಟಿನ ಒಲೆ ತುಂಬುವುದು ಗೊತ್ತಿಲ್ಲದವರಿಗೆ: ತಗಡಿನ ಡಬ್ಬದ ಬುಡದಲ್ಲಿ ಪಕ್ಕಕ್ಕೆ ಒಂದು ತೂತು. ಆ ತೂತಿನೊಳಗೆ ಅಡ್ಡಲಾಗಿ ಒಂದು ಕೋಲು, ಡಬ್ಬದ ನಡುವೆ ನೆಟ್ಟಗೆ ಒಂದು ಬಾಟಲಿ ಅಥವಾ ದುಂಡು ಕೋಲು, ಎರಡೂ ಬುಡದಲ್ಲಿ ಮುಟ್ಟಬೇಕು. ಸುತ್ತ ಹೊಟ್ಟು ಹಾಕಿ ಹಂತಹಂತವಾಗಿ ಗುದ್ದಿ ಗಟ್ಟಿ ಮಾಡುವುದು. ಬಾಟಲಿಯನ್ನು ತಿರುಗಿಸುತ್ತಾ ಮೇಲಕ್ಕೆ ಎಳೆಯಬೇಕು, ನೇರ ಕಿತ್ತರೆ ಗೋಡೆ ಕುಸಿಯುತ್ತದೆ. ಅಡ್ಡ ಕೋಲನ್ನೂ ಎಳೆದರೆ ಗಾಳಿದಾರಿ ಸಿದ್ಧ. ಹೊಟ್ಟು ಸಡಿಲವಾಗಿದ್ದರೆ ನಡುವೆ ಕುಸಿದು ಹೊಗೆ, ತೇವ ಇದ್ದರೆ ಉರಿಯೇ ಹತ್ತದು. ಸರಿಯಾಗಿ ತುಂಬಿದರೆ ಹಂಡೆ ನೀರು ಕಾದು, ಮನೆಮಂದಿಯೆಲ್ಲ ಮಿಂದರೂ ಕೆಂಡ ಇರುತ್ತದೆ.

ಇದನ್ನು ನಿಲ್ಲಿಸಿದ್ದು ಅಡುಗೆ ಗ್ಯಾಸಿಗಿಂತ ಬಚ್ಚಲಿನ ಗೀಸರ್. ಅಡುಗೆಮನೆ ಗ್ಯಾಸಿಗೆ ಬದಲಾದ ಮೇಲೂ ಎಷ್ಟೋ ಮನೆಯ ಬಚ್ಚಲಲ್ಲಿ ಹಂಡೆ ಉಳಿದಿತ್ತು. ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಎದ್ದಾಗ ಹೊಗೆ ಹೋಗುವ ಬಚ್ಚಲೇ ಇಲ್ಲವಾಯಿತು. ಡಿಪೋಗೆ ಬೇಕಿದ್ದ ಅಗಲ ಜಾಗದ ಬೆಲೆ ಏರಿದ್ದು ಉಳಿದದ್ದನ್ನು ಮುಗಿಸಿತು.

ಸುಭಾಸ ರೋಡ
ಧಾರವಾಡದಿಂದ ಬರೀಲಿಕತ್ತೇನ್ರಿ. ಕಲಾಯಿ ಬಗ್ಗೆ ಯಾರೂ ಬರದಿಲ್ಲ, ನಾ ಹೇಳ್ತೀನಿ.

ಹಿತ್ತಾಳಿ, ತಾಮ್ರದ ಪಾತ್ರಿಯೊಳಗ ಹುಣಸೀಹುಳಿ, ಮಜ್ಜಿಗಿ ಇಟ್ರ ಕಿಲುಬು ಬಿಡತದ. ಅದಕ್ಕ ಒಳಮೈಗೆ ತವರದ ಪದರ. ಮೊದಲ ಹಳೇ ಕೊಳಿ, ಎಣ್ಣಿಜಿಡ್ಡು ಪೂರ್ತಿ ಹೋಗಬೇಕ್ರಿ, ಮರಳು ಹಾಕಿ, ಪಾತ್ರಿಯೊಳಗ ಕಾಲಿಟ್ಟು ತಿರುಗಿಸಿ ತಿಕ್ಕೋದು. ಜಿಡ್ಡು ಉಳಿದ ಕಡೆ ತವರ ಹಿಡಿಯಂಗಿಲ್ಲ. ಆಮ್ಯಾಲ ತಿದಿ ಊದಿ ಇದ್ದಲಿ ಬೆಂಕಿ ಮ್ಯಾಲ ಪಾತ್ರಿ ಕಾಸೋದು. ತವರ ಕರಗೋದು 232 ಡಿಗ್ರಿಗೆ. ಪಾತ್ರಿ ಅದಕಿಂತ ಸ್ವಲ್ಪ ಬಿಸಿ ಆದ್ರ ಸಾಕು. ನವಸಾಗರದ ಪುಡಿ ಹತ್ತಿಯೊಳಗ ತಗೊಂಡು ಒರಸಿದ್ರ ಬಿಳೀ ಹೊಗಿ ಏಳತದ, ಲೋಹದ ಮೈ ಸ್ವಚ್ಛ ಆಗತದ. ಅದೇ ಗಳಿಗೀಗೆ ತವರದ ಕಡ್ಡಿ ತಾಗಿಸಿ, ಕರಗಿದ್ದನ್ನ ಹತ್ತಿಯಿಂದ ಸರಸರ ಒಳಗೆಲ್ಲ ಬಳೀಬೇಕು. ಕೂಡ್ಲೆ ನೀರಿಗೆ. ಬೆಂಕಿ ಹೆಚ್ಚಾತೋ, ತವರ ಹಳದಿ ಬಣ್ಣಕ್ಕ ತಿರುಗಿ ಗಂಟು ಕಟ್ಟತದ. ಕಡಿಮಿ ಆತೋ, ಅಂಟಂಗಿಲ್ಲ, ವಾರದಾಗ ಸಿಪ್ಪಿ ಏಳತದ.

ಮೋಸ ಎಲ್ಲಿ ಅಂದ್ರ ತವರದಾಗ ಸೀಸ ಬೆರಸೋದು. ಅಗ್ಗ, ಲಗೂ ಕರಗತದ, ಆದ್ರ ವಿಷ. ಚೊಕ್ಕ ತವರದ ಕಡ್ಡಿ ಕಿವೀ ಹತ್ರ ಹಿಡಿದು ಬಗ್ಗಿಸಿದ್ರ ಚರಚರ ಸಪ್ಪಳ ಬರತದ. ಸೀಸ ಹೆಚ್ಚಿದ್ರ ಸಪ್ಪಳಿಲ್ಲ, ಕಾಗದದ ಮ್ಯಾಲ ತಿಕ್ಕಿದ್ರ ಬೂದು ಗೆರಿ ಮೂಡತದ. ಇನ್ನೂ ಕಲಾಯಿ ಮಾಡಸೋರು ಇದನ್ನ ನೋಡಕೊಂಡ ಮಾಡಸ್ರಿ. ಸ್ಟೀಲಿನ ಪಾತ್ರಿ ಬಂದ ಮ್ಯಾಲ ಮನೀ ಕೆಲಸ ನಿಂತತು. ಅಡಗಿಭಟ್ಟರ ದೊಡ್ಡ ಕೊಪ್ಪರಿಗಿ ಇರೋದರಿಂದ ಅಲ್ಲೊಬ್ರು ಇಲ್ಲೊಬ್ರು ಉಳಿದಾರ, ಆದ್ರ ರಸ್ತೇದಾಗ ಅಂಗಡಿ ಇಲ್ಲ.

ಕಾಡುಮಲ್ಲಿಗೆ
ಟೈಪಿಂಗ್ ಇನ್‌ಸ್ಟಿಟ್ಯೂಟ್ ಕೂಡ ಸೇರಿಸಿ. ಮಹಡಿ ಮೇಲೆ ಒಂದು ಕೋಣೆ, ಸಾಲಾಗಿ ರೆಮಿಂಗ್ಟನ್, ಗೋದ್ರೆಜ್ ಟೈಪ್‌ರೈಟರ್‌ಗಳು. ಕನ್ನಡ ಯಂತ್ರದಲ್ಲಿ ಕೆಲವು ಕೀಲಿ ಒತ್ತಿದರೂ ಕಾಗದ ಹಿಡಿದ ಕ್ಯಾರೇಜ್ ಮುಂದೆ ಹೋಗದು, ಡೆಡ್ ಕೀ. ಹಾಗಾಗಿ ಗುಣಿತ, ಒತ್ತುಗಳ ಅನುಕ್ರಮ ತಪ್ಪಿದರೆ ಒಂದರ ಮೇಲೊಂದು ಬಿದ್ದು ಕಪ್ಪು ಚುಕ್ಕೆ. ಗೋದ್ರೆಜ್ 2009ರಲ್ಲಿ ತಯಾರಿಕೆ ನಿಲ್ಲಿಸಿತು. ರಿಬ್ಬನ್ನಿಗಿಂತ ಮೊದಲು ಕೊರತೆಯಾದದ್ದು ರಿಪೇರಿಯವರದ್ದು.

ಬಿ ಸೈಡ್
ಕ್ಯಾಸೆಟ್ ಅಂಗಡಿಯಲ್ಲಿ ಪಟ್ಟಿ ಕೊಟ್ಟು ಹಾಡು ತುಂಬಿಸಿಕೊಳ್ಳುವ ಪದ್ಧತಿ (ಕಾನೂನಿನ ಮಾತು ಇಲ್ಲಿ ಬೇಡ, ಎಲ್ಲರಿಗೂ ಗೊತ್ತು). ಸಿ-60 ಅಂದರೆ ಒಂದು ಬದಿಗೆ 30 ನಿಮಿಷ, ಚಿತ್ರಗೀತೆಯಾದರೆ ಆರೇಳು. ಅಂಗಡಿಯವನು ಪಟ್ಟಿ ನೋಡಿ ಉದ್ದದ ಹಾಡುಗಳನ್ನು ಮೊದಲು ಹಂಚಿ, ಕೊನೆಯ ಸಂದಿಗೆ ಮೂರು ನಿಮಿಷದ್ದೊಂದು ಹುಡುಕುತ್ತಿದ್ದ. ಶುರುವಿನ ಲೀಡರ್ ಟೇಪಿನ ಮೇಲೆ ದನಿ ಹಿಡಿಯುವುದಿಲ್ಲ, ಐದಾರು ಸೆಕೆಂಡು ಓಡಿಸಿ ಆಮೇಲೆ ರೆಕಾರ್ಡ್ ಒತ್ತಬೇಕು. ಮರೆತರೆ ಪಲ್ಲವಿಯ ಮೊದಲ ಪದ ನುಂಗಿಹೋಗುತ್ತದೆ.

ಸಿ-90 ಕೇಳಿದರೆ ಒಳ್ಳೆಯವರು ಬೇಡ ಅನ್ನುತ್ತಿದ್ದರು. ಅದರ ಟೇಪಿನ ದಪ್ಪ ಸುಮಾರು 12 ಮೈಕ್ರಾನ್, ಸಿ-60ರದ್ದು 18. ತೆಳು ಟೇಪು ಕಾರಿನ ಬಿಸಿಗೆ ಹಿಗ್ಗುತ್ತದೆ, ಟೇಪನ್ನು ಎಳೆಯುವ ಪಿಂಚ್ ರೋಲರ್ ಕೊಳೆಯಾಗಿದ್ದರೆ ಸುತ್ತಿಕೊಳ್ಳುತ್ತದೆ. ಮನೆಯಲ್ಲಿ ಈಗಲೂ ಕ್ಯಾಸೆಟ್ ಇಟ್ಟಿರುವವರು ನುಡಿಸುವ ಮೊದಲು ಒಮ್ಮೆ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸುತ್ತಿ. ಹೆಡ್ಡನ್ನೂ ರೋಲರನ್ನೂ ಸ್ಪಿರಿಟ್ ಹಚ್ಚಿದ ಹತ್ತಿಯಲ್ಲಿ ಒರೆಸಿ. ಹಿಂಬದಿಯ ಎರಡು ಪ್ಲಾಸ್ಟಿಕ್ ಕಿವಿ ಮುರಿದಿದ್ದರೆ ಮೇಲೆ ಬೇರೆ ರೆಕಾರ್ಡ್ ಆಗುವ ಭಯವಿಲ್ಲ.

ವರ್ತನೆ ಪುಸ್ತಕ
ಎಲ್ಲ ಮುಚ್ಚಿದ್ದನ್ನೇ ಹೇಳುತ್ತಿದ್ದೀರಿ. ಮುಚ್ಚದ್ದನ್ನೂ ಪಕ್ಕದಲ್ಲಿಟ್ಟು ನೋಡಿ, ಆಗ ಕಾರಣ ತಿಳಿಯುತ್ತದೆ. ಕಾಫಿಪುಡಿ ಅಂಗಡಿ ಯಾಕೆ ಉಳಿಯಿತು? ಹುರಿದ ಬೀಜ ದಿನ ಕಳೆದಂತೆ ಘಮ ಬಿಡುತ್ತದೆ, ಪುಡಿಯಾದ ಮೇಲಂತೂ ಇನ್ನೂ ಬೇಗ. ಎದುರಿಗೇ ಬೀಸಿಕೊಡುವುದನ್ನು ಪ್ಯಾಕೆಟ್ಟು ಸರಿಗಟ್ಟಲಾರದು. ಜಾಗ ಕಡಿಮೆ ಸಾಕು: ಒಂದು ರೋಸ್ಟರ್, ಎರಡು ಗ್ರೈಂಡರ್, ಡಬ್ಬಗಳು. ಪೀಬೆರಿ, ಪ್ಲಾಂಟೇಷನ್ ಎ (ಕಾಫಿ ಬೀಜದ ದರ್ಜೆಗಳು) ಅರ್ಧರ್ಧ, ಚಿಕೋರಿ ಬೇಕಾದವರಿಗೆ ನೂರಕ್ಕೆ 15-20 ಅಂತ ಮನೆಮನೆಗೆ ಬೇರೆ ಲೆಕ್ಕ. (ಚಿಕೋರಿ 49ಕ್ಕಿಂತ ಮೇಲೆ ಹೋಗುವಂತಿಲ್ಲ, ಕಾಫಿ ಕನಿಷ್ಠ 51 ಇರಲೇಬೇಕೆಂಬುದು ನಿಯಮ.) ಬೆಳೆಗಾರರು ಕಾಫಿಯನ್ನು ಮಂಡಳಿಗೇ ಒಪ್ಪಿಸಬೇಕಿದ್ದ ಕಾಫಿ ಮಂಡಳಿಯ ಪೂಲ್ ಪದ್ಧತಿ 1996ಕ್ಕೆ ಪೂರ್ತಿ ಮುಗಿದ ಮೇಲೆ ಬೆಳೆಗಾರರಿಂದ ನೇರ ಕೊಳ್ಳುವುದೂ ಸಾಧ್ಯವಾಯಿತು. ಅಂದರೆ ಮಾಲಿನ ದಾರಿ ಮುಚ್ಚಲಿಲ್ಲ, ಇನ್ನಷ್ಟು ಅಗಲವಾಯಿತು. ಪ್ರೆಸ್ಸಿಗೆ ಆದದ್ದಕ್ಕೆ ಪೂರಾ ಉಲ್ಟಾ.

ದಿನಸಿ ಅಂಗಡಿ ಅರ್ಧ ಉಳಿದಿದೆ. ಹೋಗಿದ್ದು ಅದರ ಅಳತೆ, ಪೊಟ್ಟಣ. ಸೇರಿಗೆ ಎರಡು ಅಚ್ಚೇರು, ನಾಲ್ಕು ಪಾವು, ಹದಿನಾರು ಚಟಾಕು. 1956ರ ತೂಕ ಅಳತೆ ಕಾಯ್ದೆ ಬಂದು 60ರ ದಶಕದಲ್ಲಿ ಕಿಲೋ ಖಾಯಂ ಆದಮೇಲೂ ಅಕ್ಕಿ ಅಳೆಯಲು ಪಾವು ಅಡುಗೆಮನೆಯಲ್ಲಿ ಉಳಿಯಿತು, ಅಂಗಡಿಯಿಂದ ಹೋಯಿತು.

ಹದಿನಾಲ್ಕು ಚದರ
ಕಸುಬಿನ ಕಾರಣ ಸರಿ. ಆದರೆ ಕಸುಬು ಚೆನ್ನಾಗಿದ್ದೂ ಮುಚ್ಚಿದ ಅಂಗಡಿಗಳಿವೆಯಲ್ಲ, ಅವಕ್ಕೆ ಬಾಡಿಗೆ ಕಾಯ್ದೆ ನೋಡಿ. ಹಳೆಯದು 1961ರ ಕಾಯ್ದೆ. ಬಾಡಿಗೆದಾರನನ್ನು ಎಬ್ಬಿಸುವುದು ಕಷ್ಟ, ಬಾಡಿಗೆ ಏರಿಸುವುದೂ ಕಷ್ಟ. ಅದಕ್ಕೇ ಗುಡ್‌ವಿಲ್ ಅಂತ ಮುಂಗಡ ದೊಡ್ಡ ಮೊತ್ತ, ತಿಂಗಳಿಗೆ ಪುಡಿಗಾಸು. ಕರ್ನಾಟಕ ಬಾಡಿಗೆ ಕಾಯ್ದೆ 1999 ಜಾರಿಗೆ ಬಂದದ್ದು 2001ರ ಡಿಸೆಂಬರ್ 31ಕ್ಕೆ. ಅದರಲ್ಲಿ ವ್ಯಾಪಾರದ ಜಾಗಕ್ಕೆ ರಕ್ಷಣೆ ಉಳಿದದ್ದು 14 ಚದರ ಮೀಟರಿನ ಒಳಗಿದ್ದರೆ ಮಾತ್ರ. ಬಾಡಿಗೆ ಬೆಂಗಳೂರಿನಂಥ ಕಡೆ ತಿಂಗಳಿಗೆ 3500 ದಾಟಿದರೂ ರಕ್ಷಣೆ ಇಲ್ಲ.

14 ಚದರ ಮೀಟರ್ ಅಂದರೆ ಸುಮಾರು 150 ಚದರಡಿ. ಹತ್ತಕ್ಕೆ ಹದಿನೈದರ ಅಂಗಡಿ ಕೂದಲೆಳೆಯಲ್ಲಿ ಒಳಗೆ, ಹತ್ತಕ್ಕೆ ಹದಿನಾರರದ್ದು ಹೊರಗೆ. ಅದೂ ಪ್ಲಿಂತ್ ಅಳತೆ, ಗೋಡೆ ಸೇರಿ. ಹೊರಗೆ ಬಿದ್ದವರಿಗೆ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನ 15 ದಿನದ ನೋಟಿಸು ಸಾಕು, ಬರವಣಿಗೆಯ ಕರಾರು ಬೇರೆ ಹೇಳದಿದ್ದರೆ. ದೊಡ್ಡ ಬಟ್ಟೆ ಅಂಗಡಿ, ಹೋಟೆಲು, ಪುಸ್ತಕದಂಗಡಿಗಳಿಗೆ ಪೆಟ್ಟು ಬಿದ್ದು, ಮೆಟ್ಟಿಲ ಕೆಳಗಿನ ಗಡಿಯಾರ ರಿಪೇರಿಯವನು ಉಳಿದುಕೊಂಡದ್ದಕ್ಕೆ ಇದೊಂದು ದೊಡ್ಡ ಕಾರಣ.

ಎಂಟನೇ ಕ್ರಾಸ್
@ಹದಿನಾಲ್ಕು ಚದರ ಇದು ಬಹಳ ಜನಕ್ಕೆ ಹೊಳೆಯದ ಅಂಶ. ಆದರೂ ಎಲ್ಲಕ್ಕೂ ಇದೇ ಕೀಲಿ ಅಂತ ಹಚ್ಚಬೇಡಿ. ಸ್ವಂತ ಕಟ್ಟಡದಲ್ಲಿದ್ದೂ ಮುಚ್ಚಿದವರಿದ್ದಾರೆ, ಮಕ್ಕಳು ಬೇರೆ ಕೆಲಸ ಹಿಡಿದು. ನ್ಯೂ ಕೃಷ್ಣಭವನ ಹೋಟೆಲು 2024ರ ಡಿಸೆಂಬರಿನವರೆಗೂ ನಡೆಯಿತಲ್ಲ, ಮಂತ್ರಿ ಮಾಲ್ ಎದುರೇ.

ಇನ್ನೊಂದು ಪ್ರಶ್ನೆ: ಯಾವ ಅಂಗಡಿ ಯಾವ ವರ್ಷದವರೆಗೆ ಇತ್ತು ಅಂತ ಗೊತ್ತು ಮಾಡುವುದು ಹೇಗೆ? ಬಾಯಿಮಾತಿನಲ್ಲಿ ಹತ್ತು ವರ್ಷ ಆಚೀಚೆ ಆಗುತ್ತದೆ.

ರಸೀದಿ ರಾಶಿ
ಬಿಲ್ಲೇ ಹೇಳುತ್ತದೆ, ದಿನಾಂಕ ಹರಿದುಹೋಗಿದ್ದರೂ. ಮೇಲಿನಿಂದ ಓದಿ.

ವಿಳಾಸ "ಬೆಂಗಳೂರು-3" ಅಂತಿದ್ದರೆ ಹಳೆಯದಿರಬಹುದು, 560003 ಅಂತಿದ್ದರೆ ಖಂಡಿತ 1972ರ ಆಗಸ್ಟ್ 15ರ ನಂತರದ್ದು, ಪಿನ್‌ಕೋಡ್ ಬಂದದ್ದೇ ಅವತ್ತು. ತಿರುವುಮುರುವು ಲೆಕ್ಕ ಮಾಡಬೇಡಿ, 80ರ ದಶಕದಲ್ಲೂ "ಬೆಂಗಳೂರು-3" ಬರೆಯುವವರಿದ್ದರು. "ಮೈಸೂರು ರಾಜ್ಯ" ಅಂತಿದ್ದರೆ 1973ರ ನವೆಂಬರ್ 1ಕ್ಕಿಂತ ಮುಂಚೆ ಅಚ್ಚಾದದ್ದು.

ಆಮೇಲೆ ತೆರಿಗೆ ನಂಬರು. ಕೆಎಸ್‌ಟಿ (ಕರ್ನಾಟಕ ಮಾರಾಟ ತೆರಿಗೆ) ಅಂತಿದ್ದರೆ 2005ರ ಏಪ್ರಿಲ್‌ಗೆ ಮುಂಚಿನ ಕಾಲ. 29ರಿಂದ ಶುರುವಾಗುವ ಹನ್ನೊಂದಂಕಿಯ ಟಿನ್ (ತೆರಿಗೆದಾರರ ಗುರುತಿನ ಸಂಖ್ಯೆ) ಇದ್ದರೆ ವ್ಯಾಟ್ (ಮೌಲ್ಯವರ್ಧಿತ ತೆರಿಗೆ) ಕಾಲ, 2005ರಿಂದ 2017ರ ಜೂನ್. 29ರಿಂದಲೇ ಶುರುವಾಗಿ ಅಕ್ಷರವೂ ಸೇರಿ ಹದಿನೈದು ಇದ್ದರೆ ಜಿಎಸ್‌ಟಿ, 2017ರ ಜುಲೈ ನಂತರ. ಫೋನ್ ನಂಬರು ಎಂಟಂಕಿಯಾಗಿ ಮುಂದೆ 2 ಇದ್ದರೆ 2000ದ ದಶಕದ ಶುರುವಿನ ಈಚೆಗೆ. ಒಂದು ಎಚ್ಚರ: ಬಿಲ್ ಪುಸ್ತಕ ಒಮ್ಮೆಗೆ ರಾಶಿ ಅಚ್ಚು ಹಾಕಿಸುತ್ತಿದ್ದರು, ಹಳೇ ಪುಸ್ತಕದ ಮೇಲೆ ಹೊಸ ನಂಬರಿನ ರಬ್ಬರ್ ಸ್ಟ್ಯಾಂಪ್ ಒತ್ತುತ್ತಿದ್ದರು. ಅಚ್ಚಾದದ್ದು ಒಂದು ಕಾಲ, ಸ್ಟ್ಯಾಂಪ್ ಇನ್ನೊಂದು. ಎರಡೂ ಬರೆದಿಟ್ಟುಕೊಳ್ಳಿ.

ಬಿಲ್ ಇಲ್ಲದಿದ್ದರೆ: ಗಣೇಶೋತ್ಸವ, ರಾಮೋತ್ಸವದ ಸ್ಮರಣ ಸಂಚಿಕೆಗಳ ಜಾಹೀರಾತು ಪುಟ ನೋಡಿ, ಇಡೀ ರಸ್ತೆಯ ಅಂಗಡಿಗಳು ವರ್ಷದ ಸಮೇತ ಸಿಗುತ್ತವೆ. ಮದುವೆ ಪತ್ರಿಕೆಯ ತಳದಲ್ಲಿ ಪ್ರೆಸ್ಸಿನ ಹೆಸರು. ಸ್ಟುಡಿಯೋ ಫೋಟೋದ ರಟ್ಟಿನ ಹಿಂಬದಿ. ಪಾತ್ರೆ ಮೇಲೆ ಕೆತ್ತಿದ ಹೆಸರು, ತಾರೀಖು.

ಕಾಡುಮಲ್ಲಿಗೆ
ಪಾತ್ರೆ ಮೇಲಿನ ಕೆತ್ತನೆ ಸವೆದಿದ್ದರೆ ಓದುವುದು ಹೇಗೆ? ಫೋಟೋ ತೆಗೆದರೆ ಬರೀ ಹೊಳಪು ಬರುತ್ತದೆ.

ರಸೀದಿ ರಾಶಿ
@ಕಾಡುಮಲ್ಲಿಗೆ ಫ್ಲ್ಯಾಶ್ ಆರಿಸಿ. ಕೋಣೆ ಕತ್ತಲು ಮಾಡಿ ಟಾರ್ಚನ್ನು ಪಾತ್ರೆಯ ಮೈಗೆ ಹೆಚ್ಚುಕಮ್ಮಿ ತಾಗುವ ಹಾಗೆ ಪಕ್ಕದಿಂದ ಬಿಡಿ, ಗೀರುಗಳು ನೆರಳಾಗಿ ಏಳುತ್ತವೆ. ಟಾರ್ಚನ್ನು ಸುತ್ತ ಸರಿಸುತ್ತಾ ನಾಲ್ಕು ಕಡೆಯಿಂದ ನಾಲ್ಕು ಫೋಟೋ. ಇಲ್ಲವೆಂದರೆ ತೆಳು ಕಾಗದ ಇಟ್ಟು ಮೆತ್ತನೆ ಪೆನ್ಸಿಲ್ ಮಲಗಿಸಿ ಉಜ್ಜಿ. ಹುಣಸೆಹಣ್ಣು ಹಾಕಿ ಬೆಳಗಿ ಆಮೇಲೆ ಓದೋಣ ಅನ್ನಬೇಡಿ, ಇರುವ ಗೆರೆಯೂ ಹೋಗುತ್ತದೆ. ಫೋಟೋ, ಪತ್ರಿಕೆ ಸ್ಕ್ಯಾನ್ ಮಾಡುವುದಾದರೆ 600 ಡಿಪಿಐ ಇಡಿ, ಹಿಂಬದಿಯನ್ನೂ ಮಾಡಿ.

ಎಂಟನೇ ಕ್ರಾಸ್
ಸರಿ, ದಾಖಲೆಗೆ ಒಂದು ಕ್ರಮ ಇಟ್ಟುಕೊಳ್ಳೋಣ. ಬಾಗಿಲ ನಂಬರನ್ನು ನೆಚ್ಚಬೇಡಿ, ಪಾಲಿಕೆ ಬದಲಿಸಿರುತ್ತದೆ, ಒಂದು ಕಟ್ಟಡ ನಾಲ್ಕಾಗಿರುತ್ತದೆ. "ಎಂಟನೇ ಕ್ರಾಸಿನಿಂದ ಉತ್ತರಕ್ಕೆ, ಪೂರ್ವದ ಸಾಲು, ಮೂರನೇ ಬಾಗಿಲು" ಅಂತ ಬರೆಯಿರಿ. ಕಸುಬು, ಮಾಲು ಬರುತ್ತಿದ್ದ ಊರು, ಸುಮಾರು ಅಳತೆ, ಸಾಕ್ಷಿ ಏನು, ಈಗ ಅಲ್ಲೇನಿದೆ. ಬದುಕಿರುವವರ ಹೆಸರು, ಮನೆ ವಿಳಾಸ ಬೇಡ, ಅಂಗಡಿಯ ಬೋರ್ಡಿನ ಹೆಸರು ಸಾಕು.

ವರ್ತನೆ ಪುಸ್ತಕ
ಥರ್ಮಲ್ ಕಾಗದದ ಬಿಲ್ಲುಗಳನ್ನು ಲ್ಯಾಮಿನೇಟ್ ಮಾಡಿಸಿ ಇಡಬಹುದಾ? ಮುಚ್ಚಿದ ಒಂದು ಸೂಪರ್ ಮಾರ್ಕೆಟ್ಟಿನ ರಾಶಿ ಬಿಲ್ಲು ಸಿಕ್ಕಿದೆ.

ರಸೀದಿ ರಾಶಿ
@ವರ್ತನೆ ಪುಸ್ತಕ ಬೇಡವೇ ಬೇಡ. ಆ ಕಾಗದದಲ್ಲಿ ಅಕ್ಷರ ಮೂಡಿರುವುದೇ ಶಾಖದಿಂದ, ಲ್ಯಾಮಿನೇಷನ್ ರೋಲರಿಗೆ ಕೊಟ್ಟರೆ ಇಡೀ ಬಿಲ್ಲು ಕಪ್ಪಾಗುತ್ತದೆ. ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಅಕ್ಷರ ಅಳಿಸಿಹೋಗುತ್ತದೆ. ಸೆಲ್ಲೋಟೇಪೂ ಅಂಟಿಸಬೇಡಿ. ಇವತ್ತೇ ಜೆರಾಕ್ಸ್ ಅಥವಾ ಸ್ಕ್ಯಾನ್ ಮಾಡಿಸಿ, ಮೂಲವನ್ನು ಸಾದಾ ಕಾಗದದ ಲಕೋಟೆಯಲ್ಲಿ ಬಿಸಿಲು ತಾಗದ ಬೀರುವಿನಲ್ಲಿಡಿ. ಆಗಲೇ ಮಸುಕಾಗಿದ್ದರೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಕಾಂಟ್ರಾಸ್ಟ್ ಏರಿಸಿ ನೋಡಿ, ಎಷ್ಟೋ ಸಲ ಒಟ್ಟು ಮೊತ್ತದ ಸಾಲಾದರೂ ಓದಲು ಬರುತ್ತದೆ.